ಝರಿಯಾ ಊರಿನ ಮನೆಯ ಚಹಾ

ಮೈಥನ್ ಅಣೆಕಟ್ಟಿನ ದೋಣಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ ನಿಂತವರು ಇಬ್ಬರು: ಝರಿಯಾ ಊರಿನ ಹೆಣ್ಣಿನ ತಂದೆ, ಹಜಾರಿಬಾಗಿನಿಂದ ಬಂದ ಗಂಡಿನ ತಾಯಿ.

“ಬೀಗಿತ್ತಿಯವರೇ, ದೋಣಿ ಆದ್ಮೇಲೆ ತೋಪ್‌ಚಾಂಚಿ ಕೆರೆಗೆ ಹೋಗೋಣ.”

“ಇನ್ನೂ ಬೀಗರಾಗಿಲ್ಲ, ಮಹತೋ ಅವರೇ. ಬೆಳಗ್ಗೆ ಜಲಪಾತ ಆಯ್ತು. ನಾನು ಬಂದಿದ್ದು ಹುಡುಗಿ ನೋಡೋಕೆ, ನೀರು ನೋಡೋಕಲ್ಲ.”

“ಅವಳನ್ನ ಇಲ್ಲಿಗೇ ಕರೆಸ್ತೀನಿ.”

“ಮನೆ ಯಾಕೆ ತೋರಿಸ್ತಿಲ್ಲ?”

ಮಹತೋ ನೀರು ನೋಡಿದರು.

“ನಮ್ಮೂರಲ್ಲಿ ನೆಲದಡಿ ಗಣಿಯ ಕಲ್ಲಿದ್ದಲು ಉರೀತಿದೆ. ಗೋಡೆ ಬಿರುಕು, ಅಂಗಳದಲ್ಲಿ ಹೊಗೆ. ಹಿಂದೆ ಬಂದ ಎರಡು ಸಂಬಂಧದೋರೂ ಚಹಾ ಕುಡೀದೇ ಎದ್ದುಹೋದ್ರು.”

“ಹುಡುಗಿ ಬೆಳೆದದ್ದು ಅಲ್ಲೇನಾ?”

“ಇಪ್ಪತ್ತೆರಡು ವರ್ಷ.”

“ಹಾಗಾದ್ರೆ ನನ್ನ ಬಾಯಿಗೆ ಹೆದರೋಳಲ್ಲ ಬಿಡಿ. ನಡೀರಿ, ಚಹಾ ಅಲ್ಲೇ ಕುಡಿಯೋಣ.”

ಬೀಗರಿಬ್ಬರೂ ಸಾಲು ಬಿಟ್ಟು ನಡೆದರು. ನಾನು ಎರಡು ಹೆಜ್ಜೆ ಮುಂದೆ ಸರಿದೆ.