ಬ್ಯಾಟರಾಯಣ್ಣನ ನಾಲ್ಕಾಣೆ

ಹೆಬ್ಬಾಳದಲ್ಲಿ ಬಸ್ಸು ಎಂದಿನಂತೆ ನಿಂತುಬಿಟ್ಟಿತ್ತು. ಮದುವೆ ವಿಡಿಯೋ ತೆಗೆಯುವ ಇಬ್ಬರು ನನ್ನ ಮುಂದಿನ ಸೀಟಿನಲ್ಲಿ ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್‌ ಕೋಲಿನಿಂದ ಕ್ಯಾಮೆರಾ ಬಿಡಿಸಲು ಹೆಣಗುತ್ತಿದ್ದರು.

“ಧನು, ಕ್ಯಾಮೆರಾ ಕೆಳಗಿನ ಪ್ಲೇಟಿನ ಸ್ಕ್ರೂ ಅಲ್ಲಾಡ್ತಾನೇ ಇಲ್ಲ ಕಣೇ. ಮುಹೂರ್ತಕ್ಕೆ ಟ್ರೈಪಾಡಿಗೆ ಹಾಕ್ಬೇಕು.”

“ಇಷ್ಟು ಬಿಗಿ ಮಾಡ್ತಿದ್ದಿದ್ದು ನಮ್ಗೆ ಕ್ಯಾಮೆರಾ ಕಲಿಸಿದ ಬ್ಯಾಟರಾಯಣ್ಣ ಒಬ್ರೇ, ಮಣಿ. ನಾಲ್ಕಾಣೆ ಇಟ್ಟು ತಿರುಗಿಸೋರು.”

“ಅವ್ರು ತೀರ್ಕೊಂಡ್ಮೇಲೆ ನಾನೇ ಬಿಚ್ಚಿ, ಎಣ್ಣೆ ಬಿಟ್ಟು, ಬರೀ ಬೆರಳಲ್ಲಿ ಹಾಕಿದ್ದೆ. ಆಮೇಲೆ ಕ್ಯಾಮೆರಾ ಇಟ್ಟಿದ್ದ ಬೀರು ಕೀ ನನ್ ಹತ್ರಾನೇ ಇತ್ತು.”

“ಬೆಳಕಿಗೆ ಹಿಡಿ... ನೋಡು, ನಾಣ್ಯದ ಗೀರು ಹೊಸದು.”

“ಆ ನಾಲ್ಕಾಣೆ ಈಗ ಎಲ್ಲಿದೆ?”

“ಮರ್ತೋಯ್ತಾ? ಅವ್ರ ಹಣೆಗೆ ಅಂಟಿಸಿದ್ದು ಅದೇ ಅಲ್ವಾ. ಹಂಗೇ ಮಣ್ಣು ಮಾಡಿದ್ವಿ.”

ಗಂಗಾನಗರದವರೆಗೂ ಇಬ್ಬರೂ ಸ್ಕ್ರೂ ಮುಟ್ಟಲಿಲ್ಲ. ಇಳಿಯುವಾಗ ಧನು ಮೆಲ್ಲಗೆ ಹೇಳಿದಳು:

“ಬಿಚ್ಬೇಡ ಬಿಡು. ಇವತ್ತಿನ ಮುಹೂರ್ತನೂ ಅವ್ರೇ ತೆಗೀಲಿ.”