ಟ್ರೇ ಜೊತೆ ಹೋದ ಹಲ್ಲು

ಪರದೇಶದಲ್ಲಿ, ಬಿಶಾನ್ ಬಡಾವಣೆಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಿಂದ ಕನ್ನಡ ಕೇಳಿಸಿತು. ಅತ್ತೆ, ಸೊಸೆ, ಸೊಸೆ ಎದೆಗೆ ಕಟ್ಟಿಕೊಂಡ ಮಗು. ಅತ್ತೆ ಬೊಚ್ಚುಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು.

“ಹಲ್ಲಿನ ಸೆಟ್ಟನ್ನ ಟಿಶ್ಯೂನಲ್ಲಿ ಸುತ್ತಿ ಟ್ರೇ ಮೇಲಿಟ್ಟಿದ್ದೆ, ನವ್ಯಾ.”

“ಎಂಜಲು ಟಿಶ್ಯೂ ಅಂದ್ಕೊಂಡೆ ಅತ್ತೆ. ಹಾಕರ್ ಸೆಂಟರ್‌ನಲ್ಲಿ ಊಟ ಆದ್ಮೇಲೆ ಟ್ರೇ ನಾವೇ ರಿಟರ್ನ್ ಮಾಡ್ಬೇಕು, ಮಾಡ್ದೆ. ಆಮೇಲೆ ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ.”

“ನಿಂದೇನೂ ತಪ್ಪಿಲ್ಲ ಬಿಡು.”

“ಅದರ ಡಬ್ಬಿ ಎಲ್ಲಿ?”

“ಮೈಸೂರಲ್ಲೇ ಮರೆತೆ.”

“ಊಟದ ಮಧ್ಯೆ ತೆಗೆದಿದ್ದಾದ್ರೂ ಯಾಕೆ?”

“ಫ್ಲೈಟ್ ಇಳಿದಾಗಿಂದ ಒಸಡು ಉರೀತಿತ್ತು. ಹೇಳಿದ್ರೆ ನಾಮಕರಣದ ಕೆಲಸ ಬಿಟ್ಟು ಡೆಂಟಿಸ್ಟ್ ಹತ್ರ ಓಡ್ತಿದ್ದೆ ನೀನು.”

“ನಾಳೆ ಮಗು ಕಿವೀಲಿ ಹೆಸರು ಹೇಳೋರು ನೀವೇ ಅಲ್ವಾ ಅತ್ತೆ. ತೃಪ್ತಿ ಅಂತ ಆರಿಸಿದ್ದೂ ನೀವೇ.”

“ನಿಮ್ಮಮ್ಮ ಹೇಳ್ಲಿ. ಮೊದಲು ಕಿವಿಗೆ ಬಿದ್ದಿದ್ದೇ ನಿಲ್ಲೋದು. ಹಲ್ಲಿಲ್ಲದ ನನ್ನ ಬಾಯಲ್ಲಿ ಅದು ಕೆಡೋದು ಬೇಡ.”

ಬಸ್ಸು ನಿಂತಿತು. ಸೊಸೆ ಎದ್ದ ರಭಸಕ್ಕೆ ಮಗು ಅಳತೊಡಗಿತು. ಅತ್ತೆ ಸೆರಗು ಬಿಟ್ಟು ಅದರ ಕಿವಿಯ ಹತ್ತಿರ ಬಗ್ಗಿದರು.

“ಅಳಬೇಡ ಕಂದ. ಅಳಬೇಡ, ನನ್ನ ತುಪ್ಪಿ.”

ಸೊಸೆ ಅಲ್ಲೇ ನಿಂತುಬಿಟ್ಟಳು. ಅತ್ತೆಯ ಕೈ ಸೆರಗನ್ನು ಹುಡುಕುತ್ತಿತ್ತು. ಹಿಂದಿನವರು ದಾರಿ ಕೇಳಿದರು. ಇಬ್ಬರೂ ಇಳಿದರು.