ಹೆಗಲು ಮುಟ್ಟಿಕೊಂಡ ಪಾಸ್ಟರ್

ಎಲ್ಲಿ? ಇಲ್ಲೇ ಕೂತ್ಕೋಬೇಕಾ? ಚಪ್ಪಲಿ ಗೂಡಿನ ಪಕ್ಕದಲ್ಲಾ? ಆಯ್ತು... ಆಯ್ತಮ್ಮ, ಇಲ್ಲೇ ಕೂತೆ. ಹೊರಗೆ ಲಿಫ್ಟ್ ಹತ್ರ ಕುರ್ಚಿ ಹಾಕಿಸಿದ್ರೂ ಕೂತು ಮಾತಾಡಿ ಹೋಗ್ತಿದ್ದೆ. ನಿನ್ನ ಪಾಸ್ಟರ್ ಜಯಣ್ಣನಿಗೆ ಇವತ್ತು ಇಷ್ಟು ಮರ್ಯಾದೆ ಸಿಕ್ಕಿದ್ದೇ ಹೆಚ್ಚು ಸುಮಿತ್ರಾ. ಬಾಗಿಲು ತೆಗೆದ್ಯಲ್ಲ, ದೇವರಿಗೆ ಸ್ತೋತ್ರ.

ಬೇಡ ಬೇಡ, ಲೈಟ್ ಹಾಕ್ಬೇಡ. ಹೀಗೇ ಚೆನ್ನಾಗಿದೆ. ಪರದೆ ಎಳೆದಿದೀಯ, ತಲೆ ತುಂಬ ದುಪ್ಪಟ್ಟಾ ಹೊದ್ದು ಮೂಲೇಲಿ ಕೂತಿದೀಯ... ಪ್ರಾರ್ಥನೆಗೆ ಕೂತಿದ್ಯೇನೋ, ನಾನು ಬಂದು ಕೆಡಿಸ್ದೆ. ನಿಜ ಹೇಳ್ಬೇಕು ಅಂದ್ರೆ ಈ ಮಬ್ಬು ನನಗೇ ಅನುಕೂಲ. ನಿನ್ನ ಮುಖ ನೋಡಿ ಮಾತಾಡೋ ಧೈರ್ಯ ಇಲ್ಲ. ಈ ಚಪ್ಪಲಿ ಗೂಡು ನೋಡ್ಕೊಂಡು ಮಾತಾಡ್ತೀನಿ. ಸಭೇಲಿ ಮೈಕ್ ಕೈಗೆ ಸಿಕ್ಕಿದ್ರೆ ಬಿಡೋನಲ್ಲ ನಾನು, ಜನರಿಗೆ ಬಿರಿಯಾನಿ ಆರಿ ಹೋಗುತ್ತೆ ಅನ್ನೋ ಚಿಂತೆ. ಇಲ್ಲಿ ನೋಡು, ಚಪ್ಪಲಿ ಎಣಿಸ್ತಾ ಕೂತಿದೀನಿ.

ತಗೋ, ನೇಂದ್ರ ಚಿಪ್ಸ್ ತಂದಿದೀನಿ. ಬೇಡ್ವಾ? ಸರಿ, ಇಲ್ಲೇ ನೆಲದ ಮೇಲೆ ಇಟ್ಟಿರ್ತೀನಿ.

ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆಯಲ್ಲ... ನೋಡ್ದೆ. ಕೇಳಲ್ಲ. ಮೊದಲಾಗಿದ್ರೆ ಬಾಗಿಲಲ್ಲೇ ನಿಂತು ಒಂದು ಪ್ರಸಂಗ ಮಾಡಿಬಿಡ್ತಿದ್ದೆ, 'ವಿಶ್ವಾಸಿಯ ಮನೇಲಿ ಇದೇನಮ್ಮ' ಅಂತ. ಈಗ ಕೇಳೋ ಹಕ್ಕು ಎಲ್ಲಿದೆ? ಲೋ ಜಯಣ್ಣ, ಈ ಹೆಣ್ಣನ್ನ ಎಷ್ಟು ದೂರ ಓಡಿಸಿಬಿಟ್ಯೋ, ಅಂತ ನನಗೆ ನಾನೇ ಅಂದ್ಕೊಂಡು ಬೆಲ್ ಒತ್ತಿದೆ.

ಎರಡು ಭಾನುವಾರ ಆಯ್ತು ನೀನು ಸಭೆಗೆ ಬರದೆ. ಸಂಡೇ ಸ್ಕೂಲ್ ಮಕ್ಕಳು 'ಟೀಚರ್ ಎವಿಡೆ, ಟೀಚರ್ ಎವಿಡೆ' ಅಂತ ಪ್ರಾಣ ತಿಂತವೆ. ಈ ಕಳಕ್ಕೂಟಂನಲ್ಲಿ ಕನ್ನಡ ಸಭೆ ಅಂತ ಬೋರ್ಡು ಹಾಕಿರೋದು ನಮ್ಮ ಸಮಾಧಾನಕ್ಕೆ, ಮಕ್ಕಳು 'ಎಲ್ಲಿ' ಅಂತ ಕೇಳೋದೂ ಮಲಯಾಳದಲ್ಲೇ. ಕ್ಲಾಸು ನಾನೇ ತಗೊಂಡೆ. ನೋಹನ ನಾವೆ ಕಥೆ. ಇಷ್ಟು ವರ್ಷ ಬ್ಯಾಂಕ್ ಕೌಂಟರಲ್ಲಿ ಕೂತೋನ ಬುದ್ಧಿ ಬಿಡುತ್ತಾ? ಆನೆ ಒಂಟೆಗಳನ್ನೆಲ್ಲ ಸಾಲಲ್ಲಿ ನಿಲ್ಲಿಸಿ ಟೋಕನ್ ಕೊಟ್ಟೆ... ನಕ್ಯಾ? ನಕ್ಕ ಹಾಗಾಯ್ತು. ಕೆಮ್ಮಾ? ಸರಿ. ಕೆಮ್ಮು.

ವಿಷಯಕ್ಕೆ ಬರ್ತೀನಿ. ನಾಳೆ ಕೊಚ್ಚಿಯಿಂದ ರಾಜೀವ್ ಬ್ರದರ್ ಬರ್ತಿದಾರೆ. ನಮ್ಮ ಒಕ್ಕೂಟದ ಸಭೆಗಳಿಗೆ ವರ್ಷಕ್ಕೊಂದು ಸಲ ಮೇಲಿನವರು ಬಂದು ವಿಶ್ವಾಸಿಗಳನ್ನ ಒಬ್ಬೊಬ್ಬರನ್ನೇ ಕೂರಿಸಿ ಕೇಳ್ತಾರಲ್ಲ, 'ನಿಮ್ಮ ಪಾಸ್ಟರ್ ಹೇಗೆ? ನೀವು ನಂಬಿ ಹೇಳಿದ್ದನ್ನ ಕಾಪಾಡಿದಾರಾ?' ಅಂತ. ನಿನ್ನನ್ನೂ ಕರೀತಾರೆ. ಅದಕ್ಕೇ ಬಂದೆ ಕಣಮ್ಮ. ತಪ್ಪಿಹೋದ ಕುರಿ ಹುಡುಕ್ಕೊಂಡು ಬಂದ ಒಳ್ಳೇ ಕುರುಬ ಅಂತ ಮೋಸ ಹೋಗ್ಬೇಡ. ಕೋಲು ಕಿತ್ಕೊಂಡುಬಿಡ್ತಾರೇನೋ ಅಂತ ಹೆದರಿ ಓಡಿ ಬಂದ ಕುರುಬ.

ಈ ಲೆಕ್ಕ ಒಪ್ಪಿಸೋದು ಅನ್ನೋದು ನಮ್ಮಲ್ಲಿ ಹೇಗಿದೆ ಗೊತ್ತಾ? ಹೇಳ್ತೀನಿ, ನಗ್ಬಾರ್ದು. ನಾನು ರಾಜೀವ್ ಬ್ರದರ್‌ಗೆ ಉತ್ತರ ಕೊಡ್ಬೇಕು. ರಾಜೀವ್ ಬ್ರದರ್ ಮಟ್ಟಾಂಚೇರಿ ಸಭೆಯ ಹಿರಿಯರಿಗೆ. ಆ ಹಿರಿಯರು ಯಾರಿಗೆ? ಅವರ ಮೇಲೆ ಒಬ್ಬರು ಇರಲೇಬೇಕಲ್ಲ, ದಕ್ಷಿಣದ ಸಭೆಗಳಿಂದ ಯಾರಾದ್ರೂ ಆಗ್ಲಿ ಅಂತ ಹುಡುಕಿ ಹುಡುಕಿ... ನನ್ನನ್ನ ಹಾಕಿದಾರೆ! ಹೌದಮ್ಮ, ನನ್ನನ್ನೇ! ತಿಂಗಳಿಗೊಂದು ಫೋನು. 'ಆತ್ಮಿಕ ಜೀವನ ಹೇಗಿದೆ ಬ್ರದರ್?' 'ಕೃಪೆ ಬ್ರದರ್, ಕೃಪೆ.' ಮುಗೀತು. ಅದಕ್ಕಿಂತ ಜಾಸ್ತಿ ರಾಜೀವ್ ನನ್ನ ಕೇಳಿದ್ದೇ ಇಲ್ಲ, ನಾನು ಹಿರಿಯರನ್ನ ಕೇಳಿದ್ದೂ ಇಲ್ಲ. ಮದುವೆ ಮನೇಲಿ ಬಡಿಸೋರು ಮೂರು ಜನ ಒಬ್ಬರಿಗೊಬ್ಬರು ಬಡಿಸ್ಕೊಂಡು ಉಂಡು ಕೈ ತೊಳೆದ ಹಾಗೆ. ವರ್ಷದಲ್ಲಿ ಆ ಒಂದು ದಿನ ಬಿಟ್ರೆ ಪಂಕ್ತೀಲಿ ಎಲೆ ಮುಂದೆ ಕೂತೋರ ಕಡೆ ಯಾರೂ ನೋಡಲ್ಲ.

ಹೂಂ. ಸುತ್ತು ಬಳಸಿ ಮಾತಾಡ್ತಿದೀನಿ. ಗೊತ್ತು.

ನೀನು ಆವತ್ತು ಎಲ್ಲರೂ ಹೋದ ಮೇಲೆ, ಹಾಲ್‌ನಲ್ಲಿ ಕುರ್ಚಿ ಮಡಚ್ತಾ ಹೇಳಿದ್ದು. 'ಪಾಸ್ಟರ್, ಮಗು ಹೋದಾಗಿನಿಂದ ನನಗೆ ಪ್ರಾರ್ಥನೆ ಬರ್ತಿಲ್ಲ. ಬಾಯಿ ಅಲ್ಲಾಡಿಸ್ತೀನಿ, ಅಷ್ಟೆ. ಮಕ್ಕಳಿಗೆ ಕಲಿಸ್ತೀನಿ, ನನಗೇ ಬರಲ್ಲ. ಗುರುಗೆ ಮಾತ್ರ ಗೊತ್ತಾಗ್ಬಾರ್ದು. ನಾನು ಪ್ರಾರ್ಥನೆ ಮಾಡ್ತೀನಿ ಅನ್ನೋ ಧೈರ್ಯದ ಮೇಲೇ ಅವನು ನಿಂತಿದಾನೆ.' ಗಂಡ ಗುರುಕಿರಣ್ ಅಲ್ಲಿ ಕೊಚ್ಚಿ ಕಸ್ಟಮ್ಸ್‌ನಲ್ಲಿ, ಹೆಂಡತಿ ಇಲ್ಲಿ ರಾಕೆಟ್ ಆಫೀಸಿನಲ್ಲಿ, ಮಗು ಕಳ್ಕೊಂಡು ಒಬ್ಬೊಬ್ಬರು ಒಂದೊಂದು ಊರಲ್ಲಿ... ಯಾರಿಗೂ ಹೇಳ್ಬೇಡಿ ಅಂದೆ ನೀನು. ಹೇಳಲ್ಲ ತಾಯಿ ಅಂದೆ ನಾನು. ಬೈಬಲ್ ಮೇಲೆ ಕೈ ಇಟ್ಟೇ ಅಂದೆ.

ಅದು... ಹೇಗೋ ಹೊರಗೆ ಹೋಯ್ತು. ಹೇಗೆ ಅಂದ್ರೆ, ನಮ್ಮ ಒಕ್ಕೂಟದಲ್ಲಿ ಚಾಡಿ ಅನ್ನೋದು ಇಲ್ಲವೇ ಇಲ್ಲ ನೋಡು, ಇರೋದೆಲ್ಲ 'ಪ್ರಾರ್ಥನಾ ವಿಷಯ'. ಇನ್ನೊಬ್ಬರ ಮನೆ ಸುದ್ದಿ ಕಾಫಿ ಕುಡೀತಾ ಹೇಳಿದ್ರೆ ಪಾಪ, ಕಣ್ಣು ಮುಚ್ಕೊಂಡು ಹೇಳಿದ್ರೆ ಸೇವೆ! ನಾನು ವಾಟ್ಸಾಪ್ ಗುಂಪಲ್ಲಿ ಹಾಕಿದ್ದು ಒಂದೇ ಸಾಲು, 'ಒಬ್ಬ ಸಹೋದರಿಗಾಗಿ ಪ್ರಾರ್ಥಿಸಿ' ಅಂತ. ಹೆಸರಿಲ್ಲ, ಊರಿಲ್ಲ. ರಾಜೀವ್ ಬ್ರದರ್ ಫೋನ್ ಮಾಡಿ ಕೆದಕಿ ಕೆದಕಿ ಕೇಳಿದ್ರು. ಮೇಲಿನವರು ಕೇಳಿದ್ರೆ ಮುಚ್ಚಿಡೋ ಹಾಗಿಲ್ಲ, ಅದು ನಿಯಮ. ಅವರಿಂದ ಎಲ್ಲಿಗೆ ಹೋಯ್ತೋ, ಯಾರ ಬಾಯಿಗೆ ಬಿತ್ತೋ, ಎಲ್ಲಾ ಸಭೆಗಳೂ ಸೇರಿದ್ದ ಕೊಚ್ಚಿ ಕನ್ವೆನ್ಶನ್‌ನಲ್ಲಿ ಸ್ಟೇಜ್ ಮೇಲೆ...



ಬೈಯಮ್ಮ. ಆ ಲೋಟ ತಗೊಂಡು ಎಸೆ. ಹೀಗೆ ಸುಮ್ಮನಿದ್ರೆ ನನ್ನ ಮಾತು ನನಗೇ ಕೇಳಿಸುತ್ತೆ, ಅದನ್ನ ತಡ್ಕೊಳ್ಳೋಕಾಗಲ್ಲ.

ಸರಿ. ಸರಿ... ರಾಜೀವ್ ಅಲ್ಲ. ಅವರು ಏನೂ ಕೇಳೋದೇ ಇಲ್ಲ ಅಂತ ಈಗ ತಾನೇ ಹೇಳ್ದೆನಲ್ಲ. ನನ್ನ ಸುಳ್ಳು ನಾನೇ ಹಿಡ್ಕೊಟ್ಟೆ. ಸುಳ್ಳು ಹೇಳೋದಕ್ಕೂ ಒಂದು ಯೋಗ್ಯತೆ ಬೇಕು.

ಸ್ಟೇಜ್ ಮೇಲೆ ಹೇಳಿದ್ದು ನಾನು. ನಾನೇ. ಪ್ರತಿ ಪಾಸ್ಟರೂ ತನ್ನ ಸಭೇಲಿ ದೇವರು ಮಾಡಿದ ಅದ್ಭುತದ ಒಂದು ಸಾಕ್ಷಿ ಹೇಳ್ಬೇಕಿತ್ತು. ನನಗಿಂತ ಮುಂಚೆ ವಿಳಿಂಜಂ ಪಾಸ್ಟರು. ಬಿರುಗಾಳಿ, ಮಗುಚಿದ ದೋಣಿ, ಬದುಕಿ ಬಂದ ಮೀನುಗಾರ... ಜನ ಎದ್ದು ನಿಂತು ಹಲ್ಲೆಲೂಯಾ ಅಂದ್ರೆ ಚಪ್ಪರ ಹಾರಿಹೋಗ್ಬೇಕು! ಆಮೇಲೆ ಕಳಕ್ಕೂಟಂ ಕನ್ನಡ ಸಭೆಯ ಜಯಣ್ಣ. ನನ್ನ ಹತ್ರ ಏನಿದೆ ಹೇಳು? ಟೈರ್ ಅಂಗಡಿ ಮೇಲೊಂದು ಬಾಡಿಗೆ ಹಾಲು, ಗರಗರ ಅನ್ನೋ ಫ್ಯಾನು. ಬಾಯಿ ತೆಗೆದೆ, ನೀನು ಬಂದುಬಿಟ್ಟೆ. 'ನಮ್ಮ ಸಭೇಲಿ ಒಬ್ಬ ಸಹೋದರಿ, ರಾಕೆಟ್ ವಿಜ್ಞಾನಿ. ಅವಳ ರಾಕೆಟ್ ಮೇಲೇರುತ್ತೆ, ಪ್ರಾರ್ಥನೆ ಮಾತ್ರ ಮೇಲೇರ್ತಿಲ್ಲ!' ಆ ಸಾಲು ನನಗೇ ಎಷ್ಟು ಹಿಡಿಸ್ತು ಅಂದ್ರೆ ಎರಡು ಸಲ ಹೇಳ್ದೆ. ಹೆಸರು ಹೇಳಲಿಲ್ಲ, ದೇವರಾಣೆ. ಆದ್ರೆ ಇರೋ ಹತ್ತು ಮನೆ ಸಭೇಲಿ ರಾಕೆಟ್ ಸಹೋದರಿ ಒಬ್ಬಳೇ ಅಂತ ಕೊಚ್ಚಿಯ ಕಾಗೆಗೂ ಗೊತ್ತು. ಅಷ್ಟಕ್ಕೇ ಬಿಟ್ನಾ? ಇಲ್ಲ. ನನ್ನ ಉಪವಾಸ ಪ್ರಾರ್ಥನೆಯಿಂದ ಅವಳಿಗೆ ಬಿಡುಗಡೆ ಆಯ್ತು ಅಂತ ಬಾಲ ಬೇರೆ ಸೇರಿಸ್ದೆ. ಉಪವಾಸ! ನಾನು! ಈ ಹೊಟ್ಟೆ ನೋಡಿ ಒಬ್ಬರಾದ್ರೂ ನಗ್ಬೇಕಿತ್ತು. ನಗಲಿಲ್ಲ, ಎದ್ದು ನಿಂತ್ರು. ಬೇಲಿಯೇ ಎದ್ದು ಹೊಲ ಮೇಯ್ತು, ಅದಕ್ಕೆ ಚಪ್ಪಾಳೆ.

ಮೂರನೇ ಸಾಲಲ್ಲಿ ಗುರುಕಿರಣ್ ಇದ್ದ. ಇಳಿಯೋವಾಗ ಕಾಣಿಸ್ದ. ಅವನೂ ಎದ್ದು ನಿಂತಿದ್ದ, ಕೈ ಮಾತ್ರ ತಟ್ತಿರಲಿಲ್ಲ. ಒಂದು ಮಾತೂ ಆಡ್ದೆ ಹೋಗಿಬಿಟ್ಟ. ಆಮೇಲೆ ಶನಿವಾರದ ಟ್ರೈನಿಗೆ ಅವನು ಬರೋದೇ ನಿಂತಿದೆ ಅಂತ ಕೆಳಗೆ ಸೆಕ್ಯುರಿಟಿ ಚೇಟ್ಟನ್ ಹೇಳ್ದ. ಅರ್ಥ ಆಯ್ತು ನನಗೆ. ನಿಮ್ಮ ಸಂಸಾರಕ್ಕೆ ಹುಳಿ ಹಿಂಡಿದೋನು ನಾನೇ.

ಅವತ್ತೇ ಓಡಿ ಬರ್ಬೇಕಿತ್ತು. ಬರಲಿಲ್ಲ. ನೀನು ಸಭೆಗೆ ಬರದೇ ಇದ್ದಾಗ ನನ್ನ ಹೆಂಡತಿ ಕಮಲ 'ಒಂದು ಫೋನ್ ಮಾಡ್ಲಾ, ಹೋಗಿ ನೋಡ್ಕೊಂಡು ಬರ್ಲಾ' ಅಂದ್ಳು. ಬೇಡ ಅಂದೆ. ಸಭೇಲೂ ಹೇಳ್ದೆ, 'ಯಾರೂ ಫೋನ್ ಮಾಡ್ಬೇಡಿ, ಯಾರೂ ಮನೆಗೆ ಹೋಗ್ಬೇಡಿ, ಕರ್ತನು ಅವಳ ಜೊತೆ ಏಕಾಂತದಲ್ಲಿ ಮಾತಾಡ್ತಿದಾನೆ' ಅಂತ. ಎಲ್ಲರೂ ಆಮೆನ್ ಅಂದ್ರು. ಯಾರಾದ್ರೂ ಬಂದ್ರೆ ನೀನು ನನ್ನ ವಿಷಯ ಹೇಳಿಬಿಡ್ತೀಯ ಅನ್ನೋ ಹೆದರಿಕೆ, ಅಷ್ಟೆ. ಕರ್ತನ ಬೆನ್ನ ಹಿಂದೆ ಬಚ್ಚಿಟ್ಕೊಂಡೆ.

ಇಷ್ಟೇ. ಎಲ್ಲಾ ಹೇಳಿಬಿಟ್ಟೆ. ನಾಳೆ ಕೇಳಿದ್ರೆ, 'ಹೌದು, ಕಾಪಾಡಿದಾರೆ' ಅಂತ ಒಂದು ಮಾತು... ನಾಚಿಕೆ ಬಿಟ್ಟು ಕೇಳ್ತಿದೀನಿ. ಹೇಳ್ತೀಯಾ? ಸುಮಿತ್ರಾ?

ಏನಂದೆ? ಕೇಳಿಸ್ಲಿಲ್ಲ. 'ಗುರು ಅಲ್ಲಿದ್ದನಾ' ಅಂದ್ಯಾ?

ಇದ್ದ... ಇದ್ದನಲ್ಲ. ನಿನಗೆ ಹೇಳಿಲ್ವಾ ಅವನು?

ಲೈಟ್ ಯಾಕೆ... ಅಯ್ಯೋ. ಅಯ್ಯೋ ದೇವರೇ. ಮುಖ ಎಲ್ಲ... ಕೈ... ಏನಮ್ಮ ಇದು? ಚಿಕನ್‌ಪಾಕ್ಸಾ? ಯಾವತ್ತಿಂದ? ಎರಡು ವಾರದಿಂದಾನಾ? ಅದಕ್ಕೇ ದೂರ ಕೂತ್ಕೊಳ್ಳಿ ಅಂದಿದ್ದು. ಅದಕ್ಕೇ ಪರದೆ, ಅದಕ್ಕೇ ದುಪ್ಪಟ್ಟಾ... ಬೇವು? ಪಕ್ಕದ ಮನೆ ದಾಕ್ಷಾಯಣಿ ಚೇಚ್ಚಿ ಕಟ್ಟಿದ್ದಾ? ಗಂಜಿ ಕೂಡ ಅವರೇ ತಂದು ಕೊಡ್ತಿದ್ರಾ? ನಮ್ಮೋರು ಯಾರೂ... ಹೌದು. ಯಾರೂ ಬರಲ್ಲ. ನಾನೇ ಬರ್ಬೇಡಿ ಅಂದಿದ್ನಲ್ಲ.

ಗುರುಕಿರಣ್‌ಗೆ ಚಿಕ್ಕಂದಿನಲ್ಲಿ ಬಂದಿಲ್ಲ ಅಂತ ನೀನೇ ಬರ್ಬೇಡ ಅಂದ್ಯಾ? ದಿನಾ ಫೋನ್ ಮಾಡ್ತಾನಾ? ಅಷ್ಟು ಜನದ ಮಧ್ಯೆ ನಿಂತು ಅದನ್ನ ಕೇಳಿಸ್ಕೊಂಡು, ದಿನಾ ನಿನ್ನ ಹತ್ರ ಜ್ವರ ಎಷ್ಟಿದೆ, ಗಂಜಿ ಕುಡಿದ್ಯಾ ಅಂತ... ಅಷ್ಟೇ ಕೇಳ್ತಾನಾ? ನಾನು ಕಾಪಾಡ್ಬೇಕಾಗಿದ್ದನ್ನ ಅವನು ಕಾಪಾಡಿದಾನೆ.

ಹಾಗಾದ್ರೆ ನಿನಗೆ ಏನೂ ಗೊತ್ತೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂತ ಯಾರೂ ಅನ್ನಲೇ ಇಲ್ಲ. ನಾನೇ ಚಿಪ್ಸ್ ಕಟ್ಟಿಸ್ಕೊಂಡು ನಿನ್ನ ಮನೆಗೆ ಬಂದು ಹೆಗಲು ಮುಟ್ಟಿ ತೋರಿಸ್ದೆ.

ಹಾಗೆ ನೋಡ್ಬೇಡಮ್ಮ. ಏನಾದ್ರೂ ಕೇಳು. ಇಷ್ಟು ವರ್ಷ ಮೇಲಿನವರಿಗೆ ಉತ್ತರ ಕೊಟ್ಟಿದೀನಿ, ಒಂದು ದಿನಾನೂ ತಡವರಿಸಿದ್ದಿಲ್ಲ. ಇವತ್ತು ನೋಡು, ಎಡಗಾಲಿಗೆ ಬಲಗಾಲಿನ ಚಪ್ಪಲಿ ಹಾಕ್ಕೊಳ್ತಿದೀನಿ. ನಾಳೆ ಇದ್ದದ್ದು ಇದ್ದ ಹಾಗೆ ಹೇಳಿಬಿಡು. ಹೊರಡ್ತೀನಿ. ಹೊರಡೋ ಮುಂಚೆ ಒಂದು ಚಿಕ್ಕ ಪ್ರಾರ್ಥನೆ... ಅಭ್ಯಾಸ ನೋಡು, ತಾನಾಗೇ ಬರುತ್ತೆ ಬಾಯಿಗೆ. 'ಪರಲೋಕದ ತಂದೆಯೇ, ಈ ಮನೆಯನ್ನು... ಈ ಮಗಳನ್ನು...'

'ತಂದೆಯೇ...'

ಬರ್ತಿಲ್ಲ. ಸುಮಿತ್ರಾ, ಬರ್ತಿಲ್ಲ ನನಗೆ. ಬಾಯಿ ಅಲ್ಲಾಡ್ತಿದೆ, ಅಷ್ಟೆ.

ಇದನ್ನ... ಇದನ್ನ ಯಾರಿಗೂ ಹೇಳ್ಬೇಡಮ್ಮ.